ಸಿಗ್ನಲ್‌ನಲ್ಲಿ ಬೈಕ್ ಆಫ್ ಆಗ್ತಾ ಇದೆ, ಕಾರ್ಬುರೇಟರ್ ಬದಲಿಸಲಾ?

ಪ್ರಶ್ನೆ: ನನ್ನದು 2014ರ 150 ಸಿಸಿ ಬೈಕ್, ಕಾರ್ಬುರೇಟರ್ ಇರುವಂಥದ್ದು. ಮುಂಬೈ ಹತ್ತಿರದ ಡೊಂಬಿವಲಿಯಿಂದ ನವಿ ಮುಂಬೈನ ಮಹಾಪೆಗೆ ದಿನಾ ಅದರಲ್ಲೇ ಓಡಾಟ. ಜುಲೈನಲ್ಲಿ ಊರಿಗೆ ಹೋಗಿದ್ದೆ, ಐದು ವಾರ ಬೈಕ್ ಬಿಲ್ಡಿಂಗ್ ಕೆಳಗೆ ಮಳೆಯಲ್ಲೇ ನಿಂತಿತ್ತು. ವಾಪಸ್ ಬಂದಾಗಿನಿಂದ ಈ ಕಾಟ. ಓಡುವಾಗ ಏನೂ ಇಲ್ಲ, ಆಕ್ಸಿಲರೇಟರ್ ಬಿಟ್ಟರೆ ಆಫ್. ಚೋಕ್ ಅರ್ಧ ಎಳೆದಿಟ್ಟರೆ ಮಾತ್ರ ಆಫ್ ಆಗದೆ ನಡೆಯುತ್ತದೆ. ಮೆಕ್ಯಾನಿಕ್ ಎರಡು ಸಲ ಸ್ಲೋ ಸ್ಪೀಡ್ ಸ್ಕ್ರೂ ತಿರುಗಿಸಿ ಕೊಟ್ಟರು. ಎರಡು ದಿನ ಸರಿ, ಮತ್ತೆ ಅದೇ. ಈಗ ಕಾರ್ಬುರೇಟರನ್ನೇ ಬದಲಿಸಿ ಅನ್ನುತ್ತಿದ್ದಾರೆ. ಬದಲಿಸಲಾ ಸರ್?

ಉತ್ತರ: ಬೇಡ, ಸ್ವಲ್ಪ ತಡೆಯಿರಿ. ಕಾರ್ಬುರೇಟರ್ ಅಂದರೆ ಗಾಳಿ, ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ. ಚೋಕ್ ಎಳೆದರೆ ಆಫ್ ಆಗುವುದಿಲ್ಲ ಅಂತ ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಚೋಕ್ ಎಳೆದಾಗ ಗಾಳಿ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಹಾಗೆ ಮಾಡಿದಾಗ ಮಾತ್ರ ಎಂಜಿನ್ ಆಫ್ ಆಗದೆ ನಡೆಯುತ್ತದೆ ಅಂದರೆ ಉಳಿದ ಹೊತ್ತು ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಗಾಳಿ ಹೆಚ್ಚು ನುಗ್ಗುತ್ತಿದೆ.

ಓಡುವಾಗ ಯಾಕೆ ಸರಿ ಇರುತ್ತದೆ? ಆಕ್ಸಿಲರೇಟರ್ ಕೊಟ್ಟಾಗ ಪೆಟ್ರೋಲ್ ಮುಖ್ಯವಾಗಿ ಕಾರ್ಬುರೇಟರಿನ ಮೇನ್ ಜೆಟ್‌ನಿಂದ (ಜೆಟ್ ಅಂದರೆ ಪೆಟ್ರೋಲ್ ಹಾದುಹೋಗುವ ಸಣ್ಣ ತೂತಿನ ತುಂಡು) ಬರುತ್ತದೆ. ಕೈ ಬಿಟ್ಟಾಗ ಆ ದಾರಿ ಮುಚ್ಚಿದ ಹಾಗೆಯೇ, ಆಗ ಎಂಜಿನ್‌ಗೆ ಗತಿ ಸ್ಲೋ ಜೆಟ್ ಒಂದೇ. ಅದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಒಂದು ಕಣ ತುಕ್ಕು ಸಾಕು ಕಟ್ಟಿಕೊಳ್ಳಲು.

ನಿಮ್ಮ ಬೈಕ್ ಐದು ವಾರ ಮಳೆಯಲ್ಲಿ ನಿಂತಿತ್ತು, ನನ್ನ ಮೊದಲ ಅನುಮಾನ ನೀರು. ಟ್ಯಾಂಕಿನ ಮುಚ್ಚಳ ತೆಗೆದು ಅದರ ಸುತ್ತಲಿನ ಗುಂಡಿ ನೋಡಿ. ಬಹಳಷ್ಟು ಬೈಕ್‌ಗಳಲ್ಲಿ ಅಲ್ಲೊಂದು ಸಣ್ಣ ತೂತು ಇರುತ್ತದೆ, ಮಳೆನೀರು ಅದರಿಂದ ಕೆಳಗೆ ಹರಿದುಹೋಗಲಿ ಅಂತ. ಅದು ಮಣ್ಣಿನಿಂದ ಕಟ್ಟಿಕೊಂಡರೆ ನೀರು ಮುಚ್ಚಳದ ಕೆಳಗೇ ನಿಂತು, ರಬ್ಬರ್ ಹಳೆಯದಾಗಿದ್ದರೆ ಮೆಲ್ಲಗೆ ಟ್ಯಾಂಕಿಗೆ ಇಳಿಯುತ್ತದೆ. ಅದರ ಮೇಲೆ ಈಗ ಪಂಪ್‌ನಲ್ಲಿ ಸಿಗುವುದು ಶೇ 20 ಎಥನಾಲ್ ಇರುವ ಪೆಟ್ರೋಲ್. ಎಥನಾಲ್ ನೀರನ್ನು ಹೀರುತ್ತದೆ, ಮಿತಿ ದಾಟಿದರೆ ನೀರೂ ಎಥನಾಲೂ ಒಟ್ಟಿಗೆ ಬೇರೆಯಾಗಿ ತಳಕ್ಕೆ ಕೂರುತ್ತವೆ. ಪೆಟ್ರೋಲ್ ಹೋಗುವ ದಾರಿ ಇರುವುದೂ ತಳದಲ್ಲೇ ಅಲ್ವಾ.

ಇದನ್ನು ಮನೆಯಲ್ಲೇ ನೋಡಬಹುದು. ಎಂಜಿನ್ ತಣ್ಣಗಿರಲಿ, ಹತ್ತಿರ ಬೀಡಿ, ಸಿಗರೇಟು, ದೀಪ ಯಾವುದೂ ಬೇಡ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬುರೇಟರಿನ ಬಟ್ಟಲಿನ ಅಡಿಯಲ್ಲಿರುವ ಡ್ರೈನ್ ಸ್ಕ್ರೂ ಸಡಿಲಿಸಿ, ಬಂದದ್ದನ್ನು ಒಂದು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ಐದು ನಿಮಿಷ ಅಲುಗಿಸದೆ ಇಟ್ಟು ಬೆಳಕಿಗೆ ಹಿಡಿಯಿರಿ. ನೀರಿದ್ದರೆ ತಳದಲ್ಲಿ ಬೇರೆ ಪದರವೇ ಕಾಣುತ್ತದೆ, ಇಲ್ಲವೇ ಮಣಿಗಳ ಹಾಗೆ ಉರುಳಾಡುತ್ತದೆ. ಜೊತೆಗೆ ಕಂದು ಪುಡಿ ಕಂಡರೆ ಟ್ಯಾಂಕಿನೊಳಗೆ ತುಕ್ಕು ಹಿಡಿದಿದೆ. ಹಾಗಿದ್ದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಸಬೇಕು. ಬರೀ ಕಾರ್ಬುರೇಟರ್ ತೊಳೆದರೆ ಅದೇ ಪುಡಿ ಮತ್ತೆ ಇಳಿದು ಬರುತ್ತದೆ, ಹೊಸ ಕಾರ್ಬುರೇಟರ್ ಹಾಕಿಸಿದರೂ ಅಷ್ಟೇ.

ಆಮೇಲೆ ಸ್ಲೋ ಜೆಟ್ ಬಿಚ್ಚಿಸಿ. ನೀವೂ ಎದುರಿಗೇ ನಿಂತಿರಿ. ಜೆಟ್ ಹಿತ್ತಾಳೆಯದು, ಪಿನ್ನು ಚುಚ್ಚಿದರೆ ತೂತು ದೊಡ್ಡದಾಗಿ ಆ ಜೆಟ್ ಹಾಳು. ಕಾರ್ಬ್ ಕ್ಲೀನರ್ ಹೊಡೆದು ಗಾಳಿ ಊದಿದರೆ ಸಾಕು. ಸ್ವಚ್ಛವಾದ ಮೇಲೆ ಆಕಾಶಕ್ಕೆ ಹಿಡಿದು ಒಂದು ಕಣ್ಣಲ್ಲಿ ನೋಡಿ, ಬೆಳಕು ಚೂಪಾದ ದುಂಡು ಚುಕ್ಕೆಯಾಗಿ ಕಾಣಬೇಕು. ಓರೆಯಾಗಿ, ಅರ್ಧಚಂದ್ರದ ಹಾಗೆ ಕಂಡರೆ ಕಸ ಇನ್ನೂ ಹೋಗಿಲ್ಲ.

ಇಷ್ಟಾದರೂ ಬೈಕ್ ಆಫ್ ಆಗುತ್ತಿದ್ದರೆ ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ನೋಡಿ. ನನ್ನ ಬೈಕ್‌ನಲ್ಲಿ ಆಗಿದ್ದು ಇದೇ. ಮೇಲಿನಿಂದ ಚೆನ್ನಾಗಿಯೇ ಕಾಣುತ್ತಿತ್ತು, ಬಿಚ್ಚಿ ಬಗ್ಗಿಸಿದಾಗ ಕೆಳಭಾಗದಲ್ಲಿ ಉಗುರಿನಷ್ಟು ಉದ್ದದ ಬಿರುಕು. ಎಂಜಿನ್ ಓಡುತ್ತಿರುವಾಗ ಆ ಜಾಗಕ್ಕೆ ನಾಲ್ಕು ಹನಿ ಸೋಪಿನ ನೀರು ಬಿಡಿ, ಸದ್ದು ಬದಲಾದರೆ ಗಾಳಿ ಸೋರುತ್ತಿದೆ. ಕೆಲವರು ಪೆಟ್ರೋಲ್ ಎರಚಿ ನೋಡುತ್ತಾರೆ, ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುತ್ತದೆ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಪ್ಲಗ್, ಏರ್ ಫಿಲ್ಟರ್ ಹೇಗೂ ನೋಡಿಸುತ್ತೀರಿ. ಟ್ಯಾಪೆಟ್ (ಎಂಜಿನ್ ವಾಲ್ವ್‌ನ ಸಂದು) ಬಿಗಿಯಾಗಿದ್ದರೆ ಸಾಮಾನ್ಯವಾಗಿ ಎಂಜಿನ್ ಬಿಸಿಯಾದ ಮೇಲೆ ಆಫ್ ಆಗುತ್ತದೆ, ನಿಮ್ಮದು ಹಾಗೆ ಅನ್ನಿಸುತ್ತಿಲ್ಲ.

ಸ್ಲೋ ಸ್ಪೀಡ್ ಸ್ಕ್ರೂ ಮುಟ್ಟುವುದು ಇದೆಲ್ಲ ಮುಗಿದ ಮೇಲೆ. ಹತ್ತು ನಿಮಿಷ ಓಡಿಸಿ, ಎಂಜಿನ್ ಬಿಸಿಯಾದ ಮೇಲೆ ಸ್ಲೋ ಸ್ಪೀಡನ್ನು ಸುಮಾರು 1,400 ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ಸುತ್ತುಗಳು) ಹೊಂದಿಸಿ. ನಿಮ್ಮ ಬೈಕ್‌ನ ಸರಿಯಾದ ಅಂಕಿ ಅದರ ಪುಸ್ತಕದಲ್ಲಿರುತ್ತದೆ. ಮೊದಲೇ ಸ್ಕ್ರೂ ಏರಿಸಿದರೆ ರೋಗ ಮುಚ್ಚಿಹೋಗುತ್ತದೆ ಅಷ್ಟೇ. ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸುವ ಏರ್ ಸ್ಕ್ರೂ ಸುಮ್ನೆ ತಿರುಗಿಸಿದರೆ ಹೊಗೆ ತಪಾಸಣೆಯಲ್ಲೂ (ಪಿಯುಸಿ) ಬೈಕ್ ಫೇಲ್ ಆಗಬಹುದು. ಅಲ್ಲಿಯವರೆಗೆ ಮಹಾಪೆಗೆ ಹೋಗುವ ಶಿಳ್‌ಫಾಟಾ ದಾರಿಯಲ್ಲಿ ಈ ಬೈಕ್ ಬೇಡ. ಹಿಂದೆ ಟ್ರಕ್ ಇರುವಾಗ ಗಾಡಿ ಆಫ್ ಆದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ನಾಲ್ಕು ದಿನ ರೈಲೋ ಬಸ್ಸೋ ಹಿಡಿಯಿರಿ.

ಪ್ರಶ್ನೆ: ಪುಣೆಯ ನಿಗಡಿಯಲ್ಲಿದ್ದೇನೆ. ನನ್ನದು 2021ರ ಬಿಎಸ್6 (ಹೊಸ ಹೊಗೆ ನಿಯಮದ) ಬೈಕ್. ಇದೂ ಬೆಳಿಗ್ಗೆ ಆಕ್ಸಿಲರೇಟರ್ ಬಿಟ್ಟರೆ ಆಫ್ ಆಗುತ್ತದೆ. ಸ್ಕ್ರೂ ಎಲ್ಲಿದೆ?

ಉತ್ತರ: ಹುಡುಕಬೇಡಿ. ನಿಮ್ಮದು ಬಹುಶಃ ಫ್ಯೂಯಲ್ ಇಂಜೆಕ್ಷನ್ (ಕಾರ್ಬುರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ), ಅಂಥ ಹೆಚ್ಚಿನ ಬೈಕ್‌ಗಳಲ್ಲಿ ಸ್ಲೋ ಸ್ಪೀಡನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಸ್ಟಾರ್ಟ್ ಆದ ಮೇಲೂ ಮೀಟರಿನಲ್ಲಿ ಎಂಜಿನ್ ದೀಪ ಉರಿಯುತ್ತಿದೆಯಾ ನೋಡಿ. ಉರಿದರೆ ಬೈಕ್‌ನ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಇರುವ ಕಡೆಗೇ ಹೋಗಿ. ಇಲ್ಲದಿದ್ದರೆ ಮೊದಲು ಬ್ಯಾಟರಿ ಚೆಕ್ ಮಾಡಿಸಿ, ಆಮೇಲೆ ಎಂಜಿನ್‌ಗೆ ಗಾಳಿ ಬಿಡುವ ಭಾಗವಾದ ಥ್ರಾಟಲ್ ಬಾಡಿ ಸ್ವಚ್ಛ ಮಾಡಿಸಿ. ಅಲ್ಲಿ ಕಪ್ಪು ಮಸಿ ಕೂತರೆ ಗಾಳಿ ಹೋಗುವ ಸಂದು ಕಿರಿದಾಗಿ ಹೀಗೇ ಆಗುತ್ತದೆ.