ತಮ್ಮನನ್ನು ನೇರವಾಗಿಯೇ ಕೇಳಿ
ದುಡ್ಡು, ಹೆಸರು ಎಲ್ಲಾ ಇದ್ದ ಹಾಲಿವುಡ್ ಹಾಸ್ಯನಟ ರಾಬಿನ್ ವಿಲಿಯಮ್ಸ್ ಯಾಕೆ ತಮ್ಮ ಜೀವ ತಾವೇ ತೆಗೆದುಕೊಂಡರು, ನನ್ನ ತಮ್ಮನೂ ಎಲ್ಲರನ್ನೂ ನಗಿಸುತ್ತಾನೆ, ಆದರೆ ರಾತ್ರಿ ನಿದ್ದೆ ಮಾಡಲ್ಲ, ಅವನನ್ನು ಕೇಳಬಹುದಾ ಅಂತ ಬರೆದಿದ್ದೀರಿ. ಕೇಳಿ. ಸಾಯುವ ಯೋಚನೆ ಬರುತ್ತಾ ಅಂತ ಕೇಳಿದ್ದಕ್ಕೇ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳೋಕೆ ದಾರಿಯಾಗುತ್ತದೆ.

2014ರ ಆಗಸ್ಟ್‌ನಲ್ಲಿ ರಾಬಿನ್ ಹೋದಾಗ ನಮ್ಮ ದಾವಣಗೆರೆಯ ಮಂಡಕ್ಕಿ ಮಿರ್ಚಿ ಅಂಗಡಿಯಲ್ಲೂ ನಿಮ್ಮದೇ ಪ್ರಶ್ನೆ. ಬದುಕಿದ್ದಾಗ ಅವರಿಗೆ ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಅಂದಿದ್ದರು, ಮಿದುಳಿಗೆ ಲೂಯಿ ಬಾಡಿ ಎಂಬ ಕಾಯಿಲೆ ಹರಡಿದ್ದು ಗೊತ್ತಾಗಿದ್ದು ಶವಪರೀಕ್ಷೆಯಲ್ಲಿ. ಕಾಯಿಲೆಗೆ ದುಡ್ಡು ಏನು ಮಾಡುತ್ತೆ ಹೇಳಿ?

ತಮ್ಮನಿಗೆ 'ಧೈರ್ಯ ತಗೋ' ಅಂತ ಸುಮ್ನೆ ಉಪದೇಶ ಬೇಡ. ಚಿಗಟೇರಿ ಜಿಲ್ಲಾಸ್ಪತ್ರೆಯ ಮನೋರೋಗ ವೈದ್ಯರ ಹತ್ತಿರ ಜೊತೆಯಲ್ಲೇ ಹೋಗಿ. ಅವನು ಒಪ್ಪದಿದ್ದರೆ ನೀವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.