ಕಿರೀಟಕ್ಕೂ ಮೊದಲೇ ಸಿನಿಮಾ

ಓದುಗರೊಬ್ಬರು ಕೇಳಿದ್ದಾರೆ: ‘ನಟಿ ಪ್ರಮೀಳಾ ಅವರೇ ಮೊದಲ ಮಿಸ್ ಇಂಡಿಯಾ, ವರ್ಷ 1947 ಎಂದು ಬರೆದಿದ್ದೀರಿ. ನನ್ನಲ್ಲಿರುವ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ 1964ರ ಮೆಹರ್ ಕ್ಯಾಸ್ಟೆಲಿನೊ ಹೆಸರಿದೆ. ಯಾವುದು ಸರಿ? ಕಿರೀಟ ಗೆದ್ದಿದ್ದರಿಂದ ಪ್ರಮೀಳಾಗೆ ಸಿನಿಮಾ ಸಿಕ್ಕಿತೇ? ದೇಶದ ಮೊದಲ ನಿರ್ಮಾಪಕಿಯೂ ಅವರೇ ಅನ್ನುತ್ತಾರಲ್ಲ?’

ಎರಡೂ ಸರಿ, ಸ್ಪರ್ಧೆ ಬೇರೆ ಬೇರೆ. ನಿಮ್ಮ ಪುಸ್ತಕ ಹೇಳುತ್ತಿರುವುದು ‘ಫೆಮಿನಾ’ ಪತ್ರಿಕೆ 1964ರಲ್ಲಿ ಶುರುಮಾಡಿದ ಸ್ಪರ್ಧೆಯ ಬಗ್ಗೆ. ಮಿಸ್ ವರ್ಲ್ಡ್ ಆರಂಭವಾದದ್ದು 1951ರಲ್ಲಿ, ಮಿಸ್ ಯೂನಿವರ್ಸ್ 1952ರಲ್ಲಿ. ಹಾಗಾಗಿ 1947ರಲ್ಲಿ ಗೆದ್ದವರನ್ನು ಮುಂದೆ ಕಳಿಸಲು ಈ ವೇದಿಕೆಗಳೇ ಇರಲಿಲ್ಲ. 1952ರ ವಿಜೇತೆ, ನೃತ್ಯಗಾರ್ತಿ ಇಂದ್ರಾಣಿ ರೆಹಮಾನ್ ಅವರಿಗೆ ಆ ಅವಕಾಶ ಒದಗಿತು. ‘ಈವ್ಸ್ ವೀಕ್ಲಿ’ ಪತ್ರಿಕೆಯೂ ಪ್ರತ್ಯೇಕವಾಗಿ ಮಿಸ್ ಇಂಡಿಯಾ ಆರಿಸುತ್ತಿತ್ತು. 1966ರಲ್ಲಿ ವಿಶ್ವಸುಂದರಿಯಾದ ರೀಟಾ ಫರಿಯಾ ಬಂದದ್ದು ಆ ದಾರಿಯಿಂದ. ಯಾವ ಸ್ಪರ್ಧೆ ಎಂದು ನಮೂದಿಸದೆ ‘ಮೊದಲ’ ಅಂದರೆ ಗೊಂದಲ ತಪ್ಪಿದ್ದಲ್ಲ. ನಾವೂ ಅದನ್ನು ನಮೂದಿಸಬೇಕಿತ್ತು.

ಇನ್ನು ಕಿರೀಟದಿಂದ ಸಿನಿಮಾ ಎಂಬ ಮಾತು. ಇಲ್ಲಿ ಕ್ರಮವೇ ಉಲ್ಟಾ. ಪ್ರಮೀಳಾರ ಮೂಲ ಹೆಸರು ಎಸ್ತರ್ ವಿಕ್ಟೋರಿಯಾ ಅಬ್ರಹಾಂ. ಹುಟ್ಟಿದ್ದು 1916ರ ಡಿಸೆಂಬರ್ 30ರಂದು, ಕೋಲ್ಕತ್ತದಲ್ಲಿ ನೆಲೆಸಿದ್ದ ಬಾಗ್ದಾದ್ ಮೂಲದ ಯಹೂದಿ ಕುಟುಂಬದಲ್ಲಿ. ಹದಿಹರೆಯದಲ್ಲೇ ಮುಂಬೈಗೆ ಬಂದು ಸಂಚಾರಿ ಪಾರ್ಸಿ ನಾಟಕ ಕಂಪನಿ ಸೇರಿದರು. ಸಿನಿಮಾ ಪ್ರದರ್ಶನದ ನಡುವೆ ಪ್ರೊಜೆಕ್ಟರಿನಲ್ಲಿ ರೀಲು ಬದಲಿಸುವ ಹೊತ್ತಿಗೆ ಪ್ರೇಕ್ಷಕರನ್ನು ಹಿಡಿದಿಡಲು ನರ್ತಿಸುವುದು ಅವರ ಕೆಲಸ. ವಾಕ್ಚಿತ್ರದ ವೇಗದಲ್ಲಿ 1000 ಅಡಿಯ ಒಂದು ರೀಲು ಸುಮಾರು 11 ನಿಮಿಷಕ್ಕೆ ಮುಗಿಯುತ್ತದೆ. ಪ್ರೊಜೆಕ್ಟರ್ ಒಂದೇ ಇದ್ದರೆ ಅದನ್ನು ತೆಗೆದು ಮುಂದಿನದನ್ನು ಪೋಣಿಸುವವರೆಗೂ ಪರದೆ ಖಾಲಿ. ಆ ಖಾಲಿಯನ್ನು ತುಂಬಿದವರು 1935ರಲ್ಲಿ ‘ಭಿಕಾರನ್’ ಮೂಲಕ ಪರದೆಗೇ ಬಂದರು. ಮರ್ಯಾದಸ್ಥ ಹಿಂದೂ, ಮುಸ್ಲಿಂ ಮನೆಗಳು ಹೆಣ್ಣುಮಕ್ಕಳನ್ನು ಕ್ಯಾಮೆರಾ ಮುಂದೆ ಬಿಡದಿದ್ದ ಕಾಲ ಅದು. ಆ ಜಾಗಕ್ಕೆ ಬಂದವರಲ್ಲಿ ಯಹೂದಿ ನಟಿಯರೂ ಇದ್ದರು. ಸುಲೋಚನಾ ಆದ ಯಹೂದಿ ನಟಿ ರೂಬಿ ಮೈಯರ್ಸ್‌ರಂತೆ ಇವರಿಗೂ ಪರದೆಗೊಂದು ಭಾರತೀಯ ಹೆಸರು ಬಂತು: ಪ್ರಮೀಳಾ. ಕಿರೀಟ ಸಿಕ್ಕಾಗ ಅವರಿಗೆ 30 ತುಂಬಿತ್ತು, ನಟನೆಗೆ ಹನ್ನೆರಡು ವರ್ಷ. ಆಗ ಗರ್ಭಿಣಿಯೂ ಆಗಿದ್ದರು. ಮಿಸ್ ಯೂನಿವರ್ಸ್‌ನಲ್ಲಿ 2022ರವರೆಗೆ ಇದ್ದ ನಿಯಮಾವಳಿಯಲ್ಲಾದರೆ ಅರ್ಜಿಯೇ ತಿರಸ್ಕೃತ!

ನಿರ್ಮಾಪಕಿ ಹೌದು, ಮೊದಲಿಗರಲ್ಲ. ನಟಿ ಫಾತಿಮಾ ಬೇಗಂ 1926ರಲ್ಲೇ ಸ್ವಂತ ಕಂಪನಿ ಕಟ್ಟಿದ್ದರು, 1930ರ ದಶಕದಲ್ಲಿ ಗಾಯಕಿ ಜದ್ದನ್‌ಬಾಯಿ ಚಿತ್ರ ತೆಗೆದರು. ಆದರೆ ‘ಸಿಲ್ವರ್ ಪ್ರೊಡಕ್ಷನ್ಸ್’ ಹೆಸರಿನಲ್ಲಿ ಪ್ರಮೀಳಾ ಮಾಡಿದ್ದು 16 ಚಿತ್ರ. ನಮ್ಮ ಲೆಕ್ಕದಲ್ಲಿ ಕಿರೀಟಕ್ಕಿಂತ ದೊಡ್ಡದು ಇದೇ. ವಿತರಣೆಗೆಂದು ಪಾಕಿಸ್ತಾನಕ್ಕೆ ಪದೇಪದೇ ಹೋಗಿಬರುತ್ತಿದ್ದುದು ಗೂಢಚಾರಿಕೆಯ ಶಂಕೆ ಹುಟ್ಟಿಸಿ, ಬಂಧನವನ್ನೂ ತಂದಿತು. ಪ್ರಯಾಣ ಸಿನಿಮಾ ವ್ಯಾಪಾರಕ್ಕೆ ಎಂದು ತಿಳಿದ ಮೇಲೆ ಬಿಡುಗಡೆ. ಪತಿ, ನಟ ಕುಮಾರ್ 1963ರಲ್ಲಿ ಪಾಕಿಸ್ತಾನಕ್ಕೆ ಹೋದರು, ಇವರು ಮುಂಬೈಯಲ್ಲೇ ಉಳಿದರು. ಮಗಳು ನಖೀ ಜಹಾನ್ 1967ರಲ್ಲಿ ‘ಈವ್ಸ್ ವೀಕ್ಲಿ’ಯ ಮಿಸ್ ಇಂಡಿಯಾ ಆದರು. ಪ್ರಮೀಳಾ ತೀರಿಕೊಂಡದ್ದು 2006ರ ಆಗಸ್ಟ್ 6ರಂದು.

ಅವರ ಚಿತ್ರಗಳನ್ನು ಹುಡುಕುವಾಗ ಒಂದು ಎಚ್ಚರ: ಪಟ್ಟಿಯಲ್ಲಿ ಕಾಣುವ ‘ಮದರ್ ಇಂಡಿಯಾ’ 1938ರದು. ನರ್ಗಿಸ್ ನಟಿಸಿದ 1957ರ ಚಿತ್ರ ಬೇರೆ.