ರಾಗಿ ಬಿತ್ತನೆ ಬೀಜ ಬೆಳೆಯೋಕೆ ಅನುದಾನ ಎಲ್ಲಿ ಸಿಗುತ್ತೆ?

ಹತ್ತು ಜನ ಸೇರಿ ತಲಾ ಒಂದೆಕರೆ ರಾಗಿ ಬೀಜ ಮಾಡ್ಬೇಕು, ಅದೂ ಸಾವಯವದಲ್ಲಿ, ಅನುದಾನ ಯಾರು ಕೊಡ್ತಾರೆ ಅಂತ ಕೇಳಿದ್ದೀರಿ. ನಮ್ಮ ಗುಂಪು ಶುರುವಾಗಿದ್ದೂ ಇದೇ ಪ್ರಶ್ನೆಯಿಂದ. ಆದರೆ ಅದು ಎರಡನೇ ಪ್ರಶ್ನೆ. ಮೊದಲನೆಯದು, ಬೀಜ ಕೊಳ್ಳೋರು ಯಾರು?

ನಾಟಿ ಮಾಡಿದರೆ ಎಕರೆಗೆ 2 ಕೆಜಿ ರಾಗಿ ಸಾಕು, ಕೂರಿಗೆಯಲ್ಲಿ ಬಿತ್ತಿದರೆ 4–5 ಕೆಜಿ. ಒಂದೆಕರೆಯಿಂದ ಜರಡಿ ಹಿಡಿದ ಮೇಲೆ 8 ಕ್ವಿಂಟಲ್ ಬೀಜ ಸಿಕ್ಕರೂ ಅದು ಎಕರೆಗೆ 5 ಕೆಜಿಯಂತೆ 160 ಎಕರೆಗೆ ಆಗುತ್ತೆ, ಹತ್ತೆಕರೆಯದು 1,600 ಎಕರೆಗೆ. ಅಷ್ಟು ಗಿರಾಕಿ ಇಲ್ಲದಿದ್ದರೆ ಮಿಕ್ಕಿದ್ದು ಹಿಟ್ಟಿನ ಗಿರಣಿಗೆ. ಹಾಗಾಗಿ ಬಿತ್ತನೆಗೆ ಮುಂಚೆಯೇ ಕರ್ನಾಟಕ ರಾಜ್ಯ ಬೀಜ ನಿಗಮಕ್ಕೆ ಹೋಗಿ ಬೀಜೋತ್ಪಾದಕರಾಗಿ ಒಪ್ಪಂದ ಮಾಡ್ಕೊಳ್ಳಿ. ಅದಾಗದಿದ್ದರೆ ಈ ವರ್ಷ ಎರಡು ಮೂರು ಎಕರೆಗೆ ನಿಲ್ಲಿಸಿ.

ಇನ್ನು ಎಲ್ಲಕ್ಕಿಂತ ದುಬಾರಿ ತಪ್ಪು, ಚೀಲದ ಟ್ಯಾಗ್ ಎಸೆಯೋದು. ಪ್ರಮಾಣಿತ ಬೀಜ, ಅಂದರೆ ಪ್ರಮಾಣಪತ್ರ ಸಿಕ್ಕ ಬಿತ್ತನೆ ಬೀಜ ಬೆಳೆಯೋಕೆ ಮೂಲ ಬೀಜ (ಫೌಂಡೇಶನ್ ಸೀಡ್) ಬೇಕು, ಅದರ ಟ್ಯಾಗ್ ಬಿಳಿ ಬಣ್ಣದ್ದು. ಬಿತ್ತನೆ ದಿನ ಚೀಲ ಬಿಚ್ಚಿ, ಟ್ಯಾಗ್ ಕಿತ್ತು ಬದುವಿಗೆ ಹಾಕಿ ಕೂರಿಗೆ ಹೊಡೆಯೋದು ಎಲ್ಲಾ ಕಡೆ ರೂಢಿ. ಆಮೇಲೆ ಬೀಜ ಪ್ರಮಾಣನ ಸಂಸ್ಥೆಯವರು ನೋಂದಣಿಗೆ ಮೊದಲು ಕೇಳೋದೇ ಅದನ್ನ. ಟ್ಯಾಗಿನ ಲಾಟ್ ನಂಬರ್, ಬಿಲ್ಲಿನ ಲಾಟ್ ನಂಬರ್, ಬಿಲ್ಲಿನಲ್ಲಿರೋ ಹೆಸರು, ಪಹಣಿಯ ಹೆಸರು, ಇಷ್ಟೂ ತಾಳೆಯಾಗಬೇಕು. ಗುಂಪಿನ ಹೆಸರಲ್ಲಿ ಒಟ್ಟಿಗೆ ಕೊಂಡಿದ್ದರೆ ಯಾರಿಗೆ ಯಾವ ಲಾಟಿನದು ಎಷ್ಟು ಕೆಜಿ ಕೊಟ್ರಿ ಅನ್ನೋ ಸಹಿ ಹಾಕಿದ ಪಟ್ಟಿ ಇರಲಿ. ಬೀಜ ಎಲ್ಲಿಂದ ಬಂತು ಅನ್ನೋಕೆ ದಾಖಲೆ ಇಲ್ಲದಿದ್ದರೆ ಹೊಲ ಎಷ್ಟೇ ಚೆನ್ನಾಗಿದ್ದರೂ ಅದು ಬರೀ ರಾಗಿ, ಬೀಜ ಅಲ್ಲ.

ಪಕ್ಕದ ರಾಗಿ ಹೊಲಕ್ಕೂ ನಿಮ್ಮದಕ್ಕೂ 3 ಮೀಟರ್ ಅಂತರ ಬಿಡಿ. ತೆನೆ ಬಂದಾಗ ಸಾಲು ಸಾಲು ನಡೆದು, ಎತ್ತರ, ಗಿಣ್ಣಿನ ಬಣ್ಣ, ತೆನೆಯ ಆಕಾರ ಬೇರೆಯಾಗಿ ಕಂಡ ಗಿಡ ಬೇರುಸಮೇತ ಕಿತ್ತು ಹಾಕಿ. ರಸ್ತೆ ಮೇಲೆ ಒಕ್ಕಣೆ ಬೇಡ, ಅಲ್ಲಿ ಊರಿನ ತಳಿಗಳೆಲ್ಲ ಬೆರೆಯುತ್ತವೆ. ಚೀಲ ಹೊಸದೇ ಆಗಬೇಕು. ಹಳೇ ಗೋಣಿಚೀಲದ ಹೊಲಿಗೆಯಲ್ಲಿ ಸಿಕ್ಕಿಕೊಂಡ ಕಾಳನ್ನ ಎಷ್ಟು ಕೊಡವಿದರೂ ಬೀಳಲ್ಲ. ಲ್ಯಾಬಿನಲ್ಲಿ ಶುದ್ಧತೆ 97%, ಮೊಳಕೆ 75% ಇರಬೇಕು, ತೇವಾಂಶ 12% ದಾಟಬಾರದು.

ಈಗ ಅನುದಾನ. ಬೀಜ ಗ್ರಾಮ ಯೋಜನೆಯಲ್ಲಿ ಏಕದಳ ಧಾನ್ಯಗಳ ಬೀಜದ ಬೆಲೆಯಲ್ಲಿ ಅರ್ಧದಷ್ಟು ಸಹಾಯಧನ ಇದೆ, ಒಬ್ಬ ರೈತರಿಗೆ ಒಂದೆಕರೆ ಮಟ್ಟಿಗೆ. ನಿಮಗೆ ಸರಿಹೊಂದೋದು ಇದೇ. ಯೋಜನೆಯ ಗುರಿ ಮುಗಿಯೋ ಮುಂಚೆ, ಮುಂಗಾರಿಗೆ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಸಾವಯವ ಕೃಷಿಗೆ ಇರೋ ಪರಂಪರಾಗತ ಕೃಷಿ ವಿಕಾಸ ಯೋಜನೆಗೆ 20 ಹೆಕ್ಟೇರಿನ ಗುಚ್ಛ (ಕ್ಲಸ್ಟರ್) ಬೇಕು, ನಿಮ್ಮ ಹತ್ತೆಕರೆ 4 ಹೆಕ್ಟೇರು ಅಷ್ಟೇ. ರೈತ ಉತ್ಪಾದಕ ಕಂಪನಿಗೆ ಕೇಂದ್ರದ ಯೋಜನೆಯ ನೆರವು ಸಿಗೋಕೆ ಬಯಲು ಪ್ರದೇಶದಲ್ಲಿ 300 ಸದಸ್ಯರು ಬೇಕು. ಹೊಸದು ಕಟ್ಟೋ ಬದಲು ಹತ್ತಿರದಲ್ಲಿ ಇರೋದಕ್ಕೆ ಸೇರಿ ಅನ್ನೋದು ನನ್ನ ಖಚಿತ ಅಭಿಪ್ರಾಯ. ಸಿರಿಧಾನ್ಯಕ್ಕೆ ಇರೋ ರೈತ ಸಿರಿ ಯೋಜನೆಯ ಹೆಕ್ಟೇರಿಗೆ ₹10,000 ಬರೋದು ಸಾಮೆ, ನವಣೆ, ಹಾರಕ, ಊದಲು, ಕೊರಲೆ, ಬರಗಿಗೆ, ರಾಗಿಗಲ್ಲ. ಸಂಸ್ಕರಣೆಗೆ 35% ಸಹಾಯಧನ ಅಂತ ಯಾರಾದರೂ ಹೇಳಿದರೆ ಅದು ಹಿಟ್ಟು, ತಿಂಡಿ ಮಾಡೋರಿಗೆ ಇರೋ ಯೋಜನೆ.

ನಾಟಿ ತಳಿ ಉಳಿಸೋ ಆಸೆ ಇದ್ದರೆ ದಾರಿಯೇ ಬೇರೆ. ಅಧಿಸೂಚಿತ ತಳಿಗೆ, ಅಂದರೆ ಸರ್ಕಾರ ಅಧಿಸೂಚನೆ ಹೊರಡಿಸಿದ ತಳಿಗೆ ಮಾತ್ರ ಪ್ರಮಾಣಪತ್ರ ಸಿಗೋದು. ಆದರೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ನೀವು ಬೆಳೆದ ಬೀಜವನ್ನ ಬ್ರ್ಯಾಂಡ್ ಹೆಸರಿಲ್ಲದೆ ಮಾರಬಹುದು, ಹಂಚಬಹುದು. ರೈತರ ತಳಿ ನೋಂದಣಿಗೆ ಶುಲ್ಕವೂ ಇಲ್ಲ. ತಳಿ ಉಳಿಸಿದ ಸಮುದಾಯಕ್ಕೆ ಅದೇ ಕಾಯ್ದೆಯಡಿಯ ಪ್ರಾಧಿಕಾರ ₹10 ಲಕ್ಷದ ಪ್ರಶಸ್ತಿ ಕೊಡುತ್ತೆ.

ಯಾವುದಕ್ಕೇ ಅರ್ಜಿ ಹಾಕಿದರೂ ಹತ್ತೂ ಜನರ ಫ್ರೂಟ್ಸ್ ಐಡಿಯಲ್ಲಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಎಲ್ಲಾ ಸರ್ವೆ ನಂಬರ್ ಸೇರಿದೆಯಾ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಈ ವಾರವೇ ನೋಡಿಸಿ.